ವೀಲ್‌ಚೇರ್ ಕರ್ಲಿಂಗ್ ನೋಡುವುದು ಹೇಗೆ

ಐಸ್ ಮೇಲೆ ಕಲ್ಲು ಜಾರಿಸಿ ಆ ತುದಿಯ ಗುರಿ ವೃತ್ತದ ನಡುವಿಗೆ ಹತ್ತಿರ ನಿಲ್ಲಿಸುವ ಆಟ ಕರ್ಲಿಂಗ್. ಮೊದಲು ಕಲ್ಲನ್ನಲ್ಲ, ಕೈಯನ್ನು ನೋಡಿ. ಮಾಮೂಲಿ ಕರ್ಲಿಂಗ್‌ನಲ್ಲಿ ಕಲ್ಲು ಹೊರಟ ಮೇಲೆ ಇಬ್ಬರು ಬ್ರಷ್ ಹಿಡಿದು ಅದರ ಮುಂದೆ ಐಸ್ ಉಜ್ಜುತ್ತಾ ಹೋಗುತ್ತಾರೆ, ಹಾಗೆ ಉಜ್ಜಿದರೆ ಕಲ್ಲು ಇನ್ನಷ್ಟು ದೂರ ಹೋಗುತ್ತದೆ. ಇಲ್ಲಿ ಉಜ್ಜುವುದೇ ಇಲ್ಲ. ಸುಮಾರು 19 ಕಿಲೋ ತೂಕದ ಗ್ರಾನೈಟ್ ಕಲ್ಲನ್ನು ಒಮ್ಮೆ ಬಿಟ್ಟರೆ ಮುಗಿಯಿತು, ಆಮೇಲೆ ಯಾರೂ ತಿದ್ದುವ ಹಾಗಿಲ್ಲ. ಈ ಆಟ ಇಷ್ಟು ಕಷ್ಟವಾಗಿರುವುದೂ, ನನಗೆ ಇಷ್ಟು ಇಷ್ಟವಾಗುವುದೂ ಇದಕ್ಕೇ.

ಆಟಗಾರರು ಕುರ್ಚಿ ನಿಲ್ಲಿಸಿ, ಉದ್ದ ಕೋಲಿನ ತುದಿಯನ್ನು ಕಲ್ಲಿನ ಹಿಡಿಗೆ ಸಿಕ್ಕಿಸಿ ತಳ್ಳುತ್ತಾರೆ. ತಳ್ಳಿದಾಗ ಕುರ್ಚಿ ಹಿಂದಕ್ಕೆ ಜಾರಬಾರದು ಅಂತ ತಂಡದವರೊಬ್ಬರು ಹಿಂದಿನಿಂದ ಹಿಡಿದುಕೊಳ್ಳುತ್ತಾರೆ. ಬಿಡುವ ಕ್ಷಣದಲ್ಲಿ ಹಿಡಿ ಯಾವ ಕಡೆ ತಿರುಗಿತು ಅಂತ ಗಮನಿಸಿ, ಕಲ್ಲು ಬಾಗುವುದು ಅದೇ ಕಡೆಗೆ.

ಲೆಕ್ಕ ಸುಲಭ. ಒಂದು ಸುತ್ತಿನಲ್ಲಿ ಪ್ರತಿ ತಂಡಕ್ಕೆ 8 ಕಲ್ಲು, ಪಂದ್ಯಕ್ಕೆ 8 ಸುತ್ತು. ವೃತ್ತದ ನಡುವಿಗೆ ಅತಿ ಹತ್ತಿರ ಯಾರ ಕಲ್ಲು ಇದೆಯೋ ಅವರಿಗೆ ಮಾತ್ರ ಅಂಕ. ಎದುರಾಳಿಯ ಅತ್ಯುತ್ತಮ ಕಲ್ಲಿಗಿಂತ ಒಳಗೆ ಎಷ್ಟಿವೆಯೋ ಅಷ್ಟು ಅಂಕ. ಕೊನೆಯ ಕಲ್ಲು ಯಾರದು ಅನ್ನುವುದನ್ನು ಮರೆಯಬೇಡಿ, ಅಂಕ ಗಳಿಸಿದವರು ಮುಂದಿನ ಸುತ್ತಿನಲ್ಲಿ ಅದನ್ನು ಎದುರಾಳಿಗೆ ಬಿಟ್ಟುಕೊಡಬೇಕು. ಅದಕ್ಕೇ ಒಂದೇ ಅಂಕ ಸಿಗುವಂತಿದ್ದರೆ ಕೆಲವು ತಂಡಗಳು ಕೊನೆಯ ಕಲ್ಲನ್ನು ಉಳಿಸಿಕೊಳ್ಳಲು ಬೇಕಂತಲೇ ಯಾರಿಗೂ ಅಂಕವಿಲ್ಲದೆ ಸುತ್ತನ್ನು ಖಾಲಿ ಬಿಡುತ್ತವೆ. ಕೇರಂ ಆಡಿದವರಿಗೆ ಈ ಲೆಕ್ಕಾಚಾರ ಬೇಗ ಹತ್ತುತ್ತದೆ.

ಪ್ಯಾರಾಲಿಂಪಿಕ್ಸ್‌ನಲ್ಲಿ ಇದು ಶುರುವಾಗಿದ್ದು ಇಟಲಿಯಲ್ಲಿ, 2006ರ ಟೊರಿನೊ ಕೂಟದಲ್ಲಿ. ಪಂದ್ಯಗಳು ನಡೆದಿದ್ದು ಪಿನೆರೋಲೊದಲ್ಲಿ, ಚಿನ್ನ ಕೆನಡಾಕ್ಕೆ. 2026ರ ಕೂಟಕ್ಕೆ ಇಟಲಿಯದೇ ಆದ ಕೊರ್ಟಿನಾದಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ಆಡುವ ಮಿಶ್ರ ಡಬಲ್ಸೂ ಸೇರಿತು.

ಸ್ಕೀಯಿಂಗ್‌ನಿಂದ ಬಂದ ಆಟಗಾರರನ್ನು ಅನುಸರಿಸುತ್ತಿದ್ದರೆ ಅವರ ಹಳೆಯ ಫಲಿತಾಂಶ ಓದುವಾಗ ಸ್ವಲ್ಪ ಹುಷಾರು. ಕೂತು ಸ್ಕೀ ಮಾಡುವವರಲ್ಲೂ ದೇಹದ ಸ್ಥಿತಿಗೆ ತಕ್ಕಂತೆ ವರ್ಗಗಳಿವೆ, ಗಡಿಯಾರದ ಸಮಯವನ್ನು ಆ ವರ್ಗದ ಗುಣಕದಿಂದ ಗುಣಿಸುತ್ತಾರೆ. ಉದಾಹರಣೆಗೆ 60 ಸೆಕೆಂಡ್, ಗುಣಕ 0.8 ಅಂತಿದ್ದರೆ ಪಟ್ಟಿಯಲ್ಲಿ 48. ಹಾಗಾಗಿ ಮೊದಲು ಗುರಿ ಮುಟ್ಟಿದವರೇ ಗೆದ್ದರು ಅಂತಲ್ಲ. ಇಟಲಿಯವರೇ ಆದ ಫ್ರಾಂಚೆಸ್ಕಾ ಪೊರ್ಚೆಲ್ಲಾಟೊ ವೀಲ್‌ಚೇರ್ ಓಟದ ಟ್ರ್ಯಾಕ್‌ನಿಂದ ಹಿಮಕ್ಕೆ ಬಂದು 2010ರ ವ್ಯಾಂಕೂವರ್‌ ಕೂಟದಲ್ಲಿ ಸ್ಕೀ ಸ್ಪ್ರಿಂಟ್ ಚಿನ್ನ ಗೆದ್ದರು, ಆಟ ಬದಲಿಸಿದವರ ದಾರಿ ಎಷ್ಟು ದೂರ ಹೋಗಬಹುದು ನೋಡಿ.

ಹಳೆಯ ಪಂದ್ಯಗಳು ಪ್ಯಾರಾಲಿಂಪಿಕ್ಸ್‌ನ ಯೂಟ್ಯೂಬ್ ಚಾನೆಲ್‌ನಲ್ಲಿ ಇವೆ. ಡಬಲ್ಸ್ ಆಮೇಲೆ ನೋಡಿ, ಮೊದಲು ನಾಲ್ವರ ತಂಡದ ಒಂದು ಪೂರ್ತಿ ಪಂದ್ಯ ನೋಡಿ.