ಹಳೆ ಉಬುಂಟುವಿಗೆ ಹೊಸ ಗ್ರಾಫಿಕ್ಸ್ ಕಾರ್ಡ್: ಪತ್ತನಾಜೆಗೆ ಮುಂಚಿನ ಒಂದು ವಾರ

ನಾನು ಯಕ್ಷಗಾನದ ವಿಡಿಯೋ ಮಾಡುವವನು. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಮನೆ. ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟರೆ ತಿರುಗಾಟ ಮುಗಿಯುವ ಮೇ ತಿಂಗಳ ಪತ್ತನಾಜೆಯವರೆಗೆ ನನಗೆ ಬಿಡುವಿಲ್ಲ. ಕಾಲಮಿತಿ ಆಟವಾದರೆ ನಡುರಾತ್ರಿಗೆ ಮುಗಿಯುತ್ತದೆ. ಪೂರ್ತಿ ರಾತ್ರಿಯ ಆಟವಾದರೆ ಎರಡು ಕ್ಯಾಮೆರಾದಲ್ಲಿ ಎಂಟೊಂಬತ್ತು ಗಂಟೆಯ ರೆಕಾರ್ಡಿಂಗ್ ಕೂತಿರುತ್ತದೆ. ಅದನ್ನು ಕೇಡೆನ್‌ಲೈವ್ ಎಂಬ ಎಡಿಟಿಂಗ್ ತಂತ್ರಾಂಶದಲ್ಲಿ ಜೋಡಿಸಿ, ಬಣ್ಣ ಸರಿಮಾಡಿ, ರೆಂಡರ್ ಮಾಡಿ ಕೊಡಬೇಕು. ಇದೆಲ್ಲ ಆಗ ನಡೆಯುತ್ತಿದ್ದದ್ದು ಉಬುಂಟು ಎಂಬ ಲಿನಕ್ಸಿನ 20.04 ಆವೃತ್ತಿ ಹಾಕಿದ ಒಂದೇ ಕಂಪ್ಯೂಟರಿನಲ್ಲಿ.

2023ರ ಏಪ್ರಿಲ್. ಬಿಸು ಹಬ್ಬ ಕಳೆದು ಒಂದು ವಾರ ಆಗಿತ್ತು. ಸಂಜೆ ಸಿಡಿಲು ಮಳೆ ಬಂತು, ಕರೆಂಟು ಹೋಗಿ ಬಂತು, ಮತ್ತೆ ಹೋಯಿತು. ಮರುದಿನ ಬೆಳಿಗ್ಗೆ ಸ್ವಿಚ್ ಹಾಕಿದರೆ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಅಷ್ಟು ವರ್ಷ ದುಡಿದ ಗ್ರಾಫಿಕ್ಸ್ ಕಾರ್ಡ್ ಹೋಗಿತ್ತು. ನನ್ನ ಪ್ರೊಸೆಸರ್ ರೈಜೆನ್ 5 2600. ಅದರೊಳಗೆ ಗ್ರಾಫಿಕ್ಸ್ ಇಲ್ಲ, ಹಾಗಾಗಿ ಕಾರ್ಡ್ ಇಲ್ಲದಿದ್ದರೆ ಪರದೆಯೂ ಇಲ್ಲ. ನಾಲ್ಕು ಆಟದ ಕೆಲಸ ಬಾಕಿ ಇತ್ತು.

ಮಂಗಳೂರಿಗೆ ಹೋಗಿ ರೇಡಿಯಾನ್ ಆರ್‌ಎಕ್ಸ್ 6600 ತಂದೆ. ಇಲ್ಲಿ ಒಂದು ಮಾತು ಹೇಳಲೇಬೇಕು. ಅಂಗಡಿಯಲ್ಲಿ ಆರ್‌ಎಕ್ಸ್ 6400 ಕೂಡ ಇತ್ತು. ಬೆಲೆ ಕಡಿಮೆ, ಬೇರೆ ಪವರ್ ಕೇಬಲ್ ಕೂಡ ಬೇಡ. ಆಸೆ ಆಗುವುದು ಸಹಜ. ಆದರೆ ಆ ಕಾರ್ಡಿನಲ್ಲಿ ವಿಡಿಯೋ ಎನ್‌ಕೋಡ್ ಮಾಡುವ, ಅಂದರೆ ಕುಗ್ಗಿಸಿ ಕಡತವಾಗಿ ಬರೆಯುವ, ಭಾಗವೇ ಇಲ್ಲ. 6500 ಎಕ್ಸ್‌ಟಿಯಲ್ಲೂ ಇಲ್ಲ. ವಿಡಿಯೋ ಕೆಲಸದವರು ಇದನ್ನು ನೋಡದೆ ಕೊಂಡರೆ ಆಮೇಲೆ ಯಾವ ಡ್ರೈವರ್ ಹಾಕಿದರೂ ಪ್ರಯೋಜನವಿಲ್ಲ. 6600 ಸುಮಾರು 132 ವಾಟ್ ಎಳೆಯುತ್ತದೆ, 8 ಪಿನ್ ಕೇಬಲ್ ಬೇಕು, ಕನಿಷ್ಠ 450 ವಾಟಿನ ಎಸ್‌ಎಂಪಿಎಸ್ (ಕಂಪ್ಯೂಟರಿನ ಪವರ್ ಸಪ್ಲೈ) ಬೇಕು. ಅದನ್ನೂ ಬದಲಿಸಿದೆ.

ಹೊಸದಾಗಿ 22.04 ಹಾಕಿಬಿಡಬಹುದಿತ್ತಲ್ವಾ ಎಂದು ಕೇಳಬಹುದು. ಸೀಸನ್ನಿನ ನಡುವೆ ನಾನು ಅದನ್ನು ಮಾಡುವುದಿಲ್ಲ. ಅರ್ಧ ಎಡಿಟ್ ಆದ ಪ್ರಾಜೆಕ್ಟುಗಳು, ಶೀರ್ಷಿಕೆಗೆ ಹಾಕಿಟ್ಟ ಕನ್ನಡ ಫಾಂಟುಗಳು, ಪ್ರಿಂಟರ್ ಎಲ್ಲವೂ ಅದರಲ್ಲಿ ಸರಿಯಾಗಿ ಕೂತಿದ್ದವು. ಕೇಡೆನ್‌ಲೈವ್ ಆವೃತ್ತಿ ಬದಲಾದರೆ ಹಳೆ ಪ್ರಾಜೆಕ್ಟು ಹೇಗೆ ತೆರೆದುಕೊಳ್ಳುತ್ತದೋ ಎಂಬ ಭಯ ಬೇರೆ. ಹಾಗಾಗಿ ಹಳೆ ಸಿಸ್ಟಂ ಇದ್ದ ಹಾಗೇ ಇರಬೇಕು, ಹೊಸ ಕಾರ್ಡ್ ಮಾತ್ರ ಓಡಬೇಕು ಎಂದು ತೀರ್ಮಾನಿಸಿದೆ.

ಕಾರ್ಡ್ ಕೂರಿಸಿ ಆನ್ ಮಾಡಿದೆ. ಉಬುಂಟು ಹೆಸರು ಬಂತು, ಆಮೇಲೆ ಮಿನುಗುವ ಒಂದು ಗೆರೆ ಮಾತ್ರ. ಕಂಟ್ರೋಲ್, ಆಲ್ಟ್, ಎಫ್3 ಒತ್ತಿದಾಗ ಅಕ್ಷರದ ಪರದೆ ಸಿಕ್ಕಿತು. ಕಾರಣ ಬೇಗ ಗೊತ್ತಾಯಿತು. ಹಳೆ ಕಾರ್ಡ್ ಎನ್ವಿಡಿಯಾದ್ದು. ಎರಡು ಮಾನಿಟರ್ ಹೊಂದಿಸುವಾಗ ನಾನೇ ಸೇವ್ ಮಾಡಿದ್ದ ಎಕ್ಸ್‌ಆರ್ಗ್ (ಪರದೆ ನಡೆಸುವ ವ್ಯವಸ್ಥೆ) ಸೆಟ್ಟಿಂಗ್ ಕಡತ ಇಟಿಸಿಯ ಎಕ್ಸ್11 ಫೋಲ್ಡರಿನಲ್ಲಿ ಉಳಿದಿತ್ತು. ಅದರಲ್ಲಿ ಎನ್ವಿಡಿಯಾ ಡ್ರೈವರನ್ನೇ ಬಳಸು ಎಂದು ಬರೆದಿತ್ತು. ಆ ಕಡತದ ಹೆಸರು ಬದಲಿಸಿದೆ, ಎನ್ವಿಡಿಯಾ ಪ್ಯಾಕೇಜುಗಳನ್ನು ಪರ್ಜ್ ಮಾಡಿದೆ, ಅಂದರೆ ಪೂರ್ತಿ ತೆಗೆದುಹಾಕಿದೆ. ಮತ್ತೆ ಆನ್ ಮಾಡಿದಾಗ ಡೆಸ್ಕ್‌ಟಾಪ್ ಬಂತು. ಆದರೆ ಎಲ್ಲವೂ ದಪ್ಪ ದಪ್ಪ. ಮೌಸ್ ಎಳೆದರೆ ಕಿಟಕಿ ಹಿಂದಿನಿಂದ ತೆವಳಿಕೊಂಡು ಬರುತ್ತಿತ್ತು.

ಜಿಎಲ್‌ಎಕ್ಸ್‌ಇನ್ಫೋ ಓಡಿಸಿ ರೆಂಡರರ್ ಸಾಲು ನೋಡಿದೆ. ಎಲ್‌ಎಲ್‌ವಿಎಂಪೈಪ್ ಎಂದಿತ್ತು. ಅಂದರೆ ಚಿತ್ರ ಬಿಡಿಸುವ ಕೆಲಸವನ್ನೆಲ್ಲ ಪ್ರೊಸೆಸರೇ ಮಾಡುತ್ತಿದೆ, ಕಾರ್ಡ್ ಸುಮ್ನೆ ಕೂತಿದೆ.

ಇಲ್ಲಿ ನಾನು ಒಂದು ದಿನ ಕಳೆದುಕೊಂಡೆ. ಗ್ರಾಫಿಕ್ಸ್ ಅಂದ ಕೂಡಲೇ ತಲೆಗೆ ಬಂದದ್ದು ಮೆಸಾ, ಅಂದರೆ ಪ್ರೋಗ್ರಾಂಗಳಿಗೂ ಕಾರ್ಡಿಗೂ ನಡುವಿನ ಗ್ರಾಫಿಕ್ಸ್ ತಂತ್ರಾಂಶ. ಹಳೆ ಉಬುಂಟುವಿಗೆ ಹೊಸ ಮೆಸಾ ಕೊಡುವ ಕಿಸಾಕ್ ಪಿಪಿಎ (ಹೊರಗಿನವರು ನಡೆಸುವ ಪ್ಯಾಕೇಜ್ ಭಂಡಾರ) ಇದೆ ಎಂದು ಗೊತ್ತಿತ್ತು. ಅದನ್ನು ಸೇರಿಸಿ ಅಪ್‌ಗ್ರೇಡ್ ಮಾಡಿದೆ, ರೀಬೂಟ್ ಮಾಡಿದೆ. ರೆಂಡರರ್ ಸಾಲಿನಲ್ಲಿ ಮತ್ತೆ ಎಲ್‌ಎಲ್‌ವಿಎಂಪೈಪ್. ಆವೃತ್ತಿಯ ಅಂಕೆ ಮಾತ್ರ ಹೊಸದು.

ರಾತ್ರಿ ಊಟವಾದ ಮೇಲೆ ಕೂತು ಯೋಚಿಸಿದೆ. ಲಿನಕ್ಸಿನಲ್ಲಿ ಗ್ರಾಫಿಕ್ಸ್ ಡ್ರೈವರ್ ಎಂದರೆ ಒಂದು ವಸ್ತು ಅಲ್ಲ. ಕೆಳಗೆ ಸಿಸ್ಟಂನ ತಿರುಳಾದ ಕರ್ನಲ್ ಇದೆ, ಅದರೊಳಗಿನ ಎಎಂಡಿಜಿಪಿಯು ಎಂಬ ಭಾಗ ಕಾರ್ಡನ್ನು ಗುರುತಿಸಿ ಎಬ್ಬಿಸುತ್ತದೆ. ಎಬ್ಬಿಸುವಾಗ ಕಾರ್ಡಿಗೆ ತುಂಬಬೇಕಾದ ಫರ್ಮ್‌ವೇರ್ ಕಡತಗಳು ಡಿಸ್ಕಿನಲ್ಲಿ ಬೇರೆಯೇ ಇರುತ್ತವೆ. ಇವೆರಡೂ ಆದ ಮೇಲೆ ಮೆಸಾ. ಓಪನ್‌ಜಿಎಲ್, ವಲ್ಕನ್ ಎಂಬ ಚಿತ್ರ ಬಿಡಿಸುವ ವಿಧಾನಗಳು, ವಿಡಿಯೋ ಎನ್‌ಕೋಡ್ ಎಲ್ಲ ಅಲ್ಲಿಂದ ಬರುತ್ತದೆ. ಬಣ್ಣ ಹಚ್ಚುವ ಚೌಕಿಯಲ್ಲಿ ವೇಷವೇ ಸಿದ್ಧವಾಗದಿದ್ದರೆ ಭಾಗವತರು ಎಷ್ಟು ಪದ ಹೇಳಿದರೇನು? ನಾನು ಮೇಲಿನದ್ದನ್ನು ಹೊಸದು ಮಾಡಿದ್ದೆ, ಕೆಳಗೆ ಕಾರ್ಡನ್ನು ಗುರುತಿಸುವವರೇ ಇರಲಿಲ್ಲ.

ಅದು ಖಚಿತವಾದದ್ದು ಎಲ್‌ಎಸ್‌ಪಿಸಿಐ ಆಜ್ಞೆಯನ್ನು ಕೆ ಆಯ್ಕೆಯ ಜೊತೆ ಕೊಟ್ಟಾಗ. ಕಾರ್ಡ್ ಪಟ್ಟಿಯಲ್ಲಿತ್ತು. ಹೆಸರಿರಲಿಲ್ಲ, 73ಎಫ್‌ಎಫ್ ಎಂಬ ಗುರುತು ಮಾತ್ರ. ಬೇರೆ ಸಾಧನಗಳ ಕೆಳಗೆಲ್ಲ ಯಾವ ಕರ್ನಲ್ ಡ್ರೈವರ್ ಬಳಕೆಯಲ್ಲಿದೆ ಎಂಬ ಸಾಲು ಇತ್ತು. ಇದರ ಕೆಳಗೆ ಆ ಸಾಲೇ ಇಲ್ಲ. ಹೊಸ ಕಾರ್ಡ್ ಹಾಕಿದವರು ಮೊದಲು ನೋಡಬೇಕಾದದ್ದು ಇದನ್ನೇ. ಆ ಸಾಲು ಇಲ್ಲದಿದ್ದರೆ ಮೆಸಾಕ್ಕೆ ಕೈ ಹಾಕಬೇಡಿ.

ನನ್ನ ಕರ್ನಲ್ 5.4. ಅದು 2019ರ ಕೊನೆಗೆ ಬಂದದ್ದು. ಕಾರ್ಡ್ ಮಾರುಕಟ್ಟೆಗೆ ಬಂದದ್ದು 2021ರ ಅಕ್ಟೋಬರಿನಲ್ಲಿ. ಗುರುತು ಸಿಗುವುದಾದರೂ ಹೇಗೆ? ಉಬುಂಟು 20.04 ಡೆಸ್ಕ್‌ಟಾಪ್ ಸಾಮಾನ್ಯವಾಗಿ ಹೊಸ ಕರ್ನಲನ್ನು ತಾನಾಗಿಯೇ ಎಳೆದುಕೊಳ್ಳುತ್ತದೆ. ನನ್ನದರಲ್ಲಿ ಅದು ಆಗಿರಲಿಲ್ಲ, ಯಾಕೆಂದರೆ ಎಲ್ಲ ಸರಿ ಓಡುತ್ತಿದೆ ಎಂದು 2020ರಲ್ಲಿ ನಾನೇ ಅದನ್ನು ನಿಲ್ಲಿಸಿದ್ದೆ. ಆಗ ಮನೆಯಲ್ಲಿ ಮೊಬೈಲ್ ಡೇಟಾ ಮಾತ್ರ ಇತ್ತು. ದೊಡ್ಡ ಅಪ್‌ಡೇಟುಗಳನ್ನೆಲ್ಲ ತಡೆದಿಟ್ಟಿದ್ದೆ.

ಮೊದಲು ಪಿಪಿಎ-ಪರ್ಜ್ ಎಂಬ ಸಾಧನದಿಂದ ಕಿಸಾಕ್ ಮೆಸಾ ತೆಗೆದು ಉಬುಂಟುವಿನದ್ದೇ ಹಳೆಯದಕ್ಕೆ ಮರಳಿದೆ. ಎರಡು ಕಡೆ ಒಟ್ಟಿಗೆ ಬದಲಾವಣೆ ಮಾಡಿದರೆ ತಪ್ಪು ಎಲ್ಲಿದೆ ಎಂದು ಗೊತ್ತಾಗುವುದಿಲ್ಲ. ಪಿಪಿಎಯನ್ನು ಪಟ್ಟಿಯಿಂದ ಅಳಿಸಿದರೆ ಸಾಲದು, ಹಾಕಿದ ಪ್ಯಾಕೇಜುಗಳು ಹಾಗೇ ಉಳಿಯುತ್ತವೆ. ಪರ್ಜ್ ಮಾಡಿದರೆ ಮಾತ್ರ ಹಳೆ ಆವೃತ್ತಿ ವಾಪಸ್ ಬರುತ್ತದೆ.

ಆಮೇಲೆ ಲಿನಕ್ಸ್-ಜೆನೆರಿಕ್-ಎಚ್‌ಡಬ್ಲ್ಯುಇ-20.04 ಪ್ಯಾಕೇಜ್ ಹಾಕಿದೆ. ಹಳೆ ಉಬುಂಟುವಿಗೆ ಹೊಸ ಯಂತ್ರಾಂಶ ನಡೆಸಲೆಂದೇ ಉಬುಂಟುವಿನವರು ಕೊಡುವ ಕರ್ನಲ್ ಅದು. 20.04ಕ್ಕೆ 5.15ರ ವರೆಗೆ ಸಿಗುತ್ತದೆ. ಎಎಂಡಿಯದ್ದೇ ಬೇರೆ ಇನ್‌ಸ್ಟಾಲರ್ ಕೂಡ ಇದೆ. ನಾನು ಆ ದಾರಿ ಹಿಡಿಯಲಿಲ್ಲ. ಕರ್ನಲ್ ಜೊತೆಗೇ ಡ್ರೈವರ್ ಬರುವಾಗ ಪ್ರತಿ ಅಪ್‌ಡೇಟಿಗೂ ಮತ್ತೆ ಕಂಪೈಲ್ ಆಗಬೇಕಾದ ಒಂದನ್ನು ಯಾಕೆ ಕಟ್ಟಿಕೊಳ್ಳಬೇಕು?

ರೀಬೂಟ್ ಮಾಡಿದೆ. ಕರ್ನಲ್ ಆರಿಸುವ ಗ್ರಬ್ ಪರದೆ ಬಂತು, ಒಂದೆರಡು ಸಾಲು ಅಕ್ಷರ ಬಂತು, ಅಲ್ಲೇ ಪರದೆ ನಿಂತಿತು. ಈ ಸಲ ಕಂಟ್ರೋಲ್ ಆಲ್ಟ್ ಎಫ್3ಕ್ಕೂ ಉತ್ತರವಿಲ್ಲ.

ನನ್ನ ಸೋದರಳಿಯ ಆಗ ಹತ್ತನೇ ಪರೀಕ್ಷೆ ಬರೆದು ರಜೆಯಲ್ಲಿದ್ದ. ಕನ್ನಡ ಮಾಧ್ಯಮದ ಹುಡುಗ. ಕೇರಳದ ಸರಕಾರಿ ಶಾಲೆಗಳ ಕಂಪ್ಯೂಟರುಗಳಲ್ಲಿ ಕೈಟ್ ಸಂಸ್ಥೆ ಸಿದ್ಧಮಾಡಿದ ಉಬುಂಟುವೇ ಇರುವುದು, ಹಾಗಾಗಿ ಇವನಿಗೆ ಟರ್ಮಿನಲ್ ಎಂದರೆ ಹೆದರಿಕೆ ಇಲ್ಲ. "ಮಾವ, ಕೀಬೋರ್ಡಿನ ಕ್ಯಾಪ್ಸ್ ಲಾಕ್ ಲೈಟ್ ಹೊತ್ತಿ ಆರ್ತದೆ. ಕಂಪ್ಯೂಟರ್ ಸತ್ತಿಲ್ಲ, ಪರದೆ ಮಾತ್ರ ಹೋದದ್ದು" ಎಂದ. ಸರಿಯಾದ ಮಾತು. ಪವರ್ ಬಟನ್ ಹಿಡಿದು ಒತ್ತಿ ಕೊಲ್ಲುವ ಬದಲು ಒಮ್ಮೆ ಮೆಲ್ಲಗೆ ಒತ್ತಿದೆ. ಅದು ಕ್ರಮವಾಗಿ ಶಟ್‌ಡೌನ್ ಆಯಿತು. ಹೀಗೆ ಮಾಡಿದರೆ ಏನಾಯಿತು ಎಂಬ ದಾಖಲೆ ಪೂರ್ತಿ ಡಿಸ್ಕಿಗೆ ಬರೆಯಲ್ಪಡುತ್ತದೆ.

ಮತ್ತೆ ಆನ್ ಮಾಡುವಾಗ ಎಸ್ಕೇಪ್ ಒತ್ತಿ ಗ್ರಬ್‌ನ ಅಡ್ವಾನ್ಸ್ಡ್ ಆಯ್ಕೆಗೆ ಹೋಗಿ ಹಳೆ 5.4 ಕರ್ನಲ್ ಆರಿಸಿದೆ. ದಪ್ಪ ದಪ್ಪ ಡೆಸ್ಕ್‌ಟಾಪ್ ಬಂತು. ಹಳೆ ಕರ್ನಲನ್ನು ಅಳಿಸದೆ ಇಟ್ಟದ್ದು ಇಲ್ಲಿ ಕೈ ಹಿಡಿಯಿತು. ಈಗ ಜರ್ನಲ್‌ಸಿಟಿಎಲ್ ಆಜ್ಞೆಗೆ ಹಿಂದಿನ ಬೂಟಿನ ಕರ್ನಲ್ ಸಂದೇಶ ಮಾತ್ರ ತೋರಿಸು ಎಂದು ಹೇಳಿ ಎಎಂಡಿಜಿಪಿಯು ಎಂದು ಹುಡುಕಿದೆ. ಉತ್ತರ ಅಲ್ಲೇ ಇತ್ತು. ಡಿಮ್‌ಗ್ರೇ ಕೇವ್‌ಫಿಶ್ ಎಂದು ಶುರುವಾಗುವ ಒಂದು ಕಡತವನ್ನು ಲೋಡ್ ಮಾಡಲು ಆಗಲಿಲ್ಲ, ಎರರ್ ಮೈನಸ್ 2.

ಮೈನಸ್ 2 ಎಂದರೆ ಅಂಥ ಕಡತವೇ ಇಲ್ಲ ಎಂದರ್ಥ. ಇನ್ನು ಆ ಹೆಸರು. ಎಎಂಡಿಯವರು ಈ ಪೀಳಿಗೆಯ ಚಿಪ್‌ಗಳಿಗೆ ಲಿನಕ್ಸ್ ಕೋಡಿನಲ್ಲಿ ಒಂದು ಬಣ್ಣ ಮತ್ತು ಒಂದು ಮೀನು ಸೇರಿಸಿ ಹೆಸರಿಟ್ಟಿದ್ದಾರೆ. ಸಿಯೆನ್ನಾ ಸಿಕ್ಲಿಡ್, ನೇವಿ ಫ್ಲೌಂಡರ್, ಬೇಜ್ ಗೋಬಿ. ನನ್ನದು ಮಸುಕು ಬೂದು ಬಣ್ಣದ ಗುಹೆ ಮೀನು. ಅಳಿಯನಿಗೆ ಇದು ಬಹಳ ಇಷ್ಟವಾಯಿತು. ಬಂಗುಡೆ, ಬೂತಾಯಿ ಯಾಕಿಲ್ಲ ಎಂದು ಕೇಳಿದ. ಹೆಸರು ವಿಚಿತ್ರವಾಗಿರುವುದರಿಂದ ಹುಡುಕಲು ಬಹಳ ಸುಲಭ.

ಕಡತ ಯಾಕಿಲ್ಲ? ತಡೆದಿಟ್ಟ ಪ್ಯಾಕೇಜುಗಳ ಪಟ್ಟಿ ತೆಗೆದು ನೋಡಿದೆ. ಲಿನಕ್ಸ್-ಫರ್ಮ್‌ವೇರ್ ಅದರಲ್ಲಿತ್ತು. ದೊಡ್ಡ ಪ್ಯಾಕೇಜ್ ಎಂದು ಡೇಟಾ ಉಳಿಸಲು ಅದನ್ನೂ ಹೋಲ್ಡ್ ಮಾಡಿದ್ದೆ, ಮರೆತೇ ಹೋಗಿತ್ತು. ಹೋಲ್ಡ್ ತೆಗೆದು ಅಪ್‌ಡೇಟ್ ಮಾಡಿದೆ. ಲಿಬ್ ಫರ್ಮ್‌ವೇರ್ ಎಎಂಡಿಜಿಪಿಯು ಫೋಲ್ಡರಿನಲ್ಲಿ ಆ ಮೀನಿನ ಹೆಸರಿನ ಬಿನ್ ಕಡತಗಳು ಸಾಲಾಗಿ ಬಂದು ಕೂತಿದ್ದವು. ಕೊನೆಗೆ ವಿಸಿಎನ್ ಎಂದಿರುವುದು ಒಂದಿದೆ, ವಿಡಿಯೋ ಎನ್‌ಕೋಡಿಗೆ ಬೇಕಾದದ್ದು ಅದು. ಬೂಟ್ ಆಗುವಾಗ ಮೊದಲು ಓದುವ ಇನಿಟ್‌ರಾಮ್‌ಎಫ್‌ಎಸ್ ಕೂಡ ಹೊಸದಾಗಿ ಕಟ್ಟಿಕೊಂಡಿತು. ಫರ್ಮ್‌ವೇರ್ ಕಡತವನ್ನು ಕೈಯಾರೆ ಹಾಕುವವರು ಇದನ್ನು ತಾವೇ ಮಾಡಬೇಕು.

ಮತ್ತೆ 5.15ಕ್ಕೆ ಬೂಟ್ ಮಾಡಿದೆ. ಬೂಟಿನ ನಡುವೆ ಅಕ್ಷರಗಳು ಒಮ್ಮೆಲೇ ಸಣ್ಣಗಾಗಿ ಚೂಪಾದವು. ಆ ಕ್ಷಣ ನೋಡಿದವರಿಗೆ ಗೊತ್ತು, ಕಾರ್ಡ್ ಎದ್ದಿದೆ ಎಂದು. ರೆಂಡರರ್ ಸಾಲಿನಲ್ಲಿ ಈಗ ಮೀನಿನ ಹೆಸರು ಬಂತು. ಮೆಸಾ ಉಬುಂಟುವಿನದ್ದೇ 21.2.6. ಒಂದು ದಿನ ಕಳೆದು ಹಾಕಿದ ಹೊಸ ಮೆಸಾ ಬೇಕಾಗಿರಲೇ ಇಲ್ಲ.

ಎನ್‌ಕೋಡಿಗೆ ಮೆಸಾ-ವಿಎ-ಡ್ರೈವರ್ಸ್ ಪ್ಯಾಕೇಜ್ ಬೇಕು. ವಿಎಇನ್ಫೋ ಓಡಿಸಿದಾಗ ಎಚ್.264, ಎಚ್‌ಇವಿಸಿ ಎಂಬ ವಿಡಿಯೋ ಮಾದರಿಗಳೆರಡಕ್ಕೂ ಎನ್‌ಕೋಡ್ ಸಾಲು ಇದ್ದರೆ ಆಯಿತು. ರಾತ್ರಿ ಮಲಗುವ ಮುಂಚೆ ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್ ಮೂಲಕ (ದೂರದಿಂದ ಲಾಗಿನ್ ಆಗಿ) ಎಫ್‌ಎಫ್‌ಎಂಪೆಗ್ ಎಂಬ ವಿಡಿಯೋ ಪರಿವರ್ತಕ ಓಡಿಸುವುದು ನನ್ನ ರೂಢಿ. ಅಲ್ಲಿ ಮಾತ್ರ ಅನುಮತಿ ಇಲ್ಲ ಎಂದಿತು. ಕಂಪ್ಯೂಟರಿನ ಎದುರು ಕೂತು ಲಾಗಿನ್ ಆದವರಿಗೆ ಕಾರ್ಡ್ ಬಳಸುವ ಹಕ್ಕು ತಾನಾಗಿ ಸಿಗುತ್ತದೆ, ದೂರದಿಂದ ಬಂದವರಿಗೆ ಸಿಗುವುದಿಲ್ಲ. ನನ್ನ ಹೆಸರನ್ನು ರೆಂಡರ್ ಗುಂಪಿಗೆ ಸೇರಿಸಿ, ಒಮ್ಮೆ ಲಾಗ್‌ಔಟ್ ಆಗಿ ಬಂದ ಮೇಲೆ ಸರಿಯಾಯಿತು.

ಪರೀಕ್ಷೆಗೆ ರಾಕ್ಷಸ ಪಾತ್ರದ ಬಣ್ಣದ ವೇಷದ ಪ್ರವೇಶದ ತುಣುಕು ತೆಗೆದುಕೊಂಡೆ. ನನಗೆ ಅದಕ್ಕಿಂತ ಕಠಿಣ ಪರೀಕ್ಷೆ ಬೇರೆ ಇಲ್ಲ. ಕತ್ತಲೆಯ ನಡುವೆ ದೊಂದಿ ಉರಿಯುತ್ತದೆ, ರಾಳದ ಪುಡಿ ಎರಚಿದಾಗ ಬೆಂಕಿ ಭುಗ್ ಎಂದು ಏಳುತ್ತದೆ, ಅದರ ಹೊಗೆಯಲ್ಲಿ ಕೆಂಪು ಕಪ್ಪು ಮುಖ. ಬಿಟ್‌ರೇಟ್ ಕಡಿಮೆ ಇದ್ದರೆ ಹೊಗೆ ಚೌಕ ಚೌಕವಾಗಿ ಒಡೆಯುತ್ತದೆ, ಮುಖದ ಮೇಲೆ ಇಟ್ಟ ಚುಟ್ಟಿಯ ಬಿಳಿ ಮುಳ್ಳುಗಳು ಕರಗಿ ಒಂದೇ ಗೆರೆ ಆಗುತ್ತವೆ. ಒಂದೇ ಬಿಟ್‌ರೇಟಿನಲ್ಲಿ ನೋಡಿದರೆ ಪ್ರೊಸೆಸರ್ ನಿಧಾನಕ್ಕೆ ಮಾಡುವ ಎಕ್ಸ್264 ಈಗಲೂ ಚೆಂದ. ಅದನ್ನು ಮುಚ್ಚಿಡುವುದಿಲ್ಲ. ಆದರೆ ಕಾರ್ಡಿಗೆ ಬಿಟ್‌ರೇಟ್ ಒಂದೂವರೆ ಪಟ್ಟು ಕೊಟ್ಟರೆ ಚುಟ್ಟಿಯ ಮುಳ್ಳು ಎಣಿಸಬಹುದು, ಒಂದು ಗಂಟೆಯ ವಿಡಿಯೋ ಕಾಲು ಗಂಟೆಯೊಳಗೆ ಮುಗಿಯುತ್ತದೆ. ಬಾಕಿ ಇದ್ದ ನಾಲ್ಕೂ ಆಟ ಆ ವಾರವೇ ಹೋದವು.

ಕಿಸಾಕ್ ಪಿಪಿಎ ಬೇಕಾದದ್ದು ಪತ್ತನಾಜೆ ಕಳೆದ ಮೇಲೆ, ಅಳಿಯನ ಕಂಪ್ಯೂಟರ್ ಗೇಮಿಗೆ. ಅವನ ಗೇಮ್, ವಿಂಡೋಸ್ ಗೇಮುಗಳನ್ನು ಲಿನಕ್ಸಿನಲ್ಲಿ ಓಡಿಸುವ ಸ್ಟೀಮ್‌ನ ಪ್ರೋಟಾನ್ 8ರಲ್ಲಿ ತೆರೆಯಲೇ ಇಲ್ಲ. ಪ್ರೋಟಾನ್ ಬಳಸುವ ಡಿಎಕ್ಸ್‌ವಿಕೆ ಎಂಬ ಭಾಗ 2.0ರಿಂದ ಮುಂದೆ ವಲ್ಕನ್ 1.3 ಕೇಳುತ್ತದೆ. ಎಎಂಡಿ ಕಾರ್ಡಿಗೆ ಅದು ಸಿಗಲು ಮೆಸಾ 22.0 ಬೇಕು, ನಮ್ಮಲ್ಲಿದ್ದದ್ದು 21.2.6. ಈ ಸಲ ಕಾರಣ ಸ್ಪಷ್ಟವಾಗಿತ್ತು, ಕೆಳಗಿನ ಎರಡು ಪದರ ಗಟ್ಟಿಯಾಗಿತ್ತು. ಪಿಪಿಎ ಸೇರಿಸಿ ಅಪ್‌ಗ್ರೇಡ್ ಮಾಡುವಾಗ ಆಪ್ಟ್ (ಪ್ಯಾಕೇಜ್ ಹಾಕುವ ಸಾಧನ) ಹೇಳುವ ಪಟ್ಟಿಯನ್ನು ಪೂರ್ತಿ ಓದಿದೆವು. ಸ್ಟೀಮ್‌ಗೆ 32 ಬಿಟ್ ಮೆಸಾ ಕೂಡ ಬೇಕು. 32 ಮತ್ತು 64 ಬಿಟ್ಟಿನವು ಒಂದೇ ಆವೃತ್ತಿಯಲ್ಲಿರಬೇಕು. ಒಂದನ್ನು ಮಾತ್ರ ತಡೆದಿಟ್ಟರೆ ಆಪ್ಟ್ ಮತ್ತೊಂದನ್ನು ಕಿತ್ತುಹಾಕಲು ನೋಡುತ್ತದೆ. "ತೆಗೆದುಹಾಕಲಾಗುವುದು" ಎಂಬ ಸಾಲಿನಲ್ಲಿ ಏನಾದರೂ ಕಂಡರೆ ಅಲ್ಲೇ ನಿಲ್ಲಿಸಬೇಕು. ನಮ್ಮದರಲ್ಲಿ ಏನೂ ಇರಲಿಲ್ಲ. ಗೇಮ್ ತೆರೆಯಿತು.

ಜೂನಿನಲ್ಲಿ ಮಳೆ ಹಿಡಿದು ಕೆಲಸ ಕಡಿಮೆಯಾದಾಗ ಎಲ್ಲ ಬ್ಯಾಕಪ್ ತೆಗೆದು 22.04ಕ್ಕೆ ಹೋದೆ. ಅದಕ್ಕೆ ಮುಂಚೆ ಪಿಪಿಎಯನ್ನು ಮತ್ತೊಮ್ಮೆ ಪರ್ಜ್ ಮಾಡಿ, ತಡೆದಿಟ್ಟ ಪ್ಯಾಕೇಜು ಒಂದೂ ಉಳಿದಿಲ್ಲ ಎಂದು ನೋಡಿಕೊಂಡೆ. 22.04ರ ಮೆಸಾದಲ್ಲಿ ವಲ್ಕನ್ 1.3 ಮೊದಲೇ ಇದೆ, ಹಾಗಾಗಿ ಕಿಸಾಕ್ ಮತ್ತೆ ಹಾಕಲಿಲ್ಲ.