ತಿಥಿಗೆ ತಂದ ಹೇಟೆ, ಕಾಫಿ ಹೊಟ್ಟಿನ ಗೂಡು

ನಮ್ಮ ಮನೆಗೆ ಮೊದಲ ಕೋಳಿ ಬಂದದ್ದು ಸಾರಿಗೆ ಅಂತ. 2022ರ ಮಾರ್ಚ್‌ನಲ್ಲಿ, ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ವಾರ, ನಮ್ಮ ಯಜಮಾನರು ಹೋದರು. ಎದೆನೋವು ಅಂದರು, ಹಾಸನ ಮುಟ್ಟುವ ಮೊದಲೇ ಮುಗಿದಿತ್ತು. ಹನ್ನೊಂದನೇ ದಿನದ ತಿಥಿಗೆ ನೆಂಟರು ತಂದ ಕೋಳಿಗಳಲ್ಲಿ ಒಂದು ಕೆಂಪು ಹೇಟೆ ಕಾಲಿನ ದಾರ ಬಿಚ್ಚಿಕೊಂಡು ಹಲಸಿನ ಮರ ಹತ್ತಿತು. ಅಡುಗೆಯವರು ಕೋಲು ತಿವಿದರು, ಕಲ್ಲು ಹೊಡೆದರು, ಸುಸ್ತಾಗಿ ಬಿಟ್ಟರು. ಮೂರನೇ ದಿನ, ನೆಂಟರೆಲ್ಲ ಹೋದ ಮೇಲೆ, ಅದು ತಾನೇ ಇಳಿದು ಬಂದು ಹಿತ್ತಲ ಬಾಗಿಲಲ್ಲಿ ನಿಂತಿತು. ನಾನೂ ಅಲ್ಲೇ ಕೂತಿದ್ದೆ. ಒಂದು ಮುಷ್ಟಿ ಅಕ್ಕಿ ಎರಚಿದೆ.

ನಮ್ಮದು ಸಕಲೇಶಪುರ ತಾಲೂಕಿನ ಹಾನುಬಾಳು ಕಡೆ. ಮಳೆಗಾಲದಲ್ಲಿ ಇಲ್ಲಿ ಬಟ್ಟೆ ಒಣಗೋದೇ ಕಷ್ಟ, ಕೋಳಿಮರಿ ಬದುಕಿಸೋದು ಇನ್ನೂ ಕಷ್ಟ. ಬೇಸಿಗೆಯಲ್ಲಿ ಸಾಕಿ ಮಳೆಗೆ ಮೊದಲು ಮಾರಬೇಕು ಅನ್ನೋದು ಎಲ್ಲರ ಲೆಕ್ಕ. ಮಳೆಗಾಲದಲ್ಲೂ ಮರಿ ಎಬ್ಬಿಸುತ್ತೇನೆ ಅಂದಾಗ ನನ್ನ ಮೈದುನ ನಕ್ಕ. 'ಅತ್ತಿಗೆ, ಅಣ್ಣ ಹೋದ ಬೇಜಾರಿಗೆ ದುಡ್ಡು ಕಳೀತಾ ಇದ್ದೀರ' ಅಂದ. ಮೊದಲ ವರ್ಷದ ಮಟ್ಟಿಗೆ ಅವನು ಹೇಳಿದ್ದು ನಿಜವೇ ಆಯ್ತು. ಅದನ್ನೇ ಮೊದಲು ಬರೆಯುತ್ತೇನೆ.

ಮೇ ಕೊನೆಯಲ್ಲಿ ಗಾಡಿಯಲ್ಲಿ ಮರಿ ಮಾರುವವನೊಬ್ಬ ಬಂದ. ಗಿರಿರಾಜ ತಳಿ ಅಂದ. ಒಂದಕ್ಕೆ 30 ರೂಪಾಯಿಯಂತೆ ಇಪ್ಪತ್ತು ಮರಿ ತಗೊಂಡೆ. ಅವು ಯಾವ ಜಾತಿಯೋ ದೇವರಿಗೇ ಗೊತ್ತು. ರಟ್ಟಿನ ಪೆಟ್ಟಿಗೆಗೆ ನೂರರ ಬಲ್ಬ್ ಕಟ್ಟಿ ಕಾವು ಕೊಟ್ಟೆ. ಜೂನ್ ಎರಡನೇ ವಾರ ಗಾಳಿ ಎದ್ದಿತು, ಮರ ಬಿದ್ದು ಕರೆಂಟ್ ಹೋಯ್ತು, ಮೂರು ದಿನ ಬರಲಿಲ್ಲ. ಮಡಕೆಯಲ್ಲಿ ಕೆಂಡ ಇಟ್ಟೆ, ಹೊಗೆ ಆಯ್ತು. ಬಿಸಿನೀರಿನ ಬಾಟಲಿ ಇಟ್ಟೆ, ಅದು ಆರಿದ ಮೇಲೆ ಎದ್ದು ಬದಲಾಯಿಸೋಕೆ ನಿದ್ದೆ ಬಿಡಲಿಲ್ಲ. ಬೆಳಿಗ್ಗೆ ನೋಡಿದರೆ ಎಲ್ಲ ಒಂದು ಮೂಲೆಗೆ ಒಂದರ ಮೇಲೊಂದು ಬಿದ್ದಿದ್ದವು. ಉಳಿದದ್ದು ಮೂರು. ಮರಿ, ಮೇವು, ಬಲ್ಬು, ವೈರು ಸೇರಿ 1,700ರ ಹತ್ತಿರ ಹೋಯ್ತು.

ಯಜಮಾನರು ಹೋದಾಗ ಎಲ್ಲರೂ ಅತ್ತಿದ್ದರು, ನನಗೆ ಅಳು ಬಂದಿರಲಿಲ್ಲ. ಆ ಮರಿಗಳನ್ನು ಬಾಳೆ ಬುಡದಲ್ಲಿ ಹೂಳುವಾಗ ಬಂತು. ಪಕ್ಕದ ಮನೆ ದೊಡ್ಡಮ್ಮ ಬಂದು ಸುಮ್ನೆ ಕೂತಿದ್ದು ಎದ್ದು ಹೋದರು. ಮಾರನೇ ದಿನ ಅವರ ಮನೆಯಿಂದ ಹತ್ತು ನಾಟಿ ಮೊಟ್ಟೆ ಬಂತು, ಕೆಂಪು ಹೇಟೆ ಕಾವಿಗೆ ಕೂತರೆ ಇಡು ಅಂತ.

ಕೂತಿತು. 21 ದಿನಕ್ಕೆ ಎಂಟು ಮರಿ ಎದ್ದವು. ಬಲ್ಬಿಗೆ ನಾನು ಕೈಮುಗಿದದ್ದು ಅವತ್ತೇ. ಆಮೇಲೆ ಇವತ್ತಿನವರೆಗೂ ನನ್ನ ಮನೆಯಲ್ಲಿ ಕಾವೆಲ್ಲ ಹೇಟೆಯದೇ. ಮಿಷನ್ ಇಟ್ಟುಕೊಂಡು ನೂರಾರು ಎಬ್ಬಿಸುವವರ ಮಾತು ಬೇರೆ. ಹತ್ತು ಹದಿನೈದು ಕೋಳಿಗೆ, ಅದೂ ಕರೆಂಟ್ ಇಲ್ಲದ ಊರಲ್ಲಿ, ಒಳ್ಳೆ ಹೇಟೆಗಿಂತ ಮಿಷನ್ ಇಲ್ಲ.

ಕಾವಿನ ತೊಂದರೆ ಕಳೀತು, ನೆಲದ ತೊಂದರೆ ಶುರುವಾಯ್ತು. ಹಳೇ ಸೌದೆ ಕೊಟ್ಟಿಗೆ, ಸಿಮೆಂಟ್ ನೆಲ. ಮರದ ಪುಡಿ ಹಾಸಿದೆ. ಜುಲೈ ಹೊತ್ತಿಗೆ ಅದು ರೊಟ್ಟಿ ತರಹ ಗಟ್ಟಿಯಾಗಿ ಕೆಳಗೆ ನೀರು ಒಸರುತ್ತಿತ್ತು. ಗಾಳಿ ಮಳೆ ಒಳಗೆ ಬರಬಾರದು ಅಂತ ನಾಲ್ಕೂ ಕಡೆ ಟಾರ್ಪಾಲ್ ಕಟ್ಟಿದೆ. ಅದೇ ದೊಡ್ಡ ತಪ್ಪು. ಬಾಗಿಲು ತೆಗೆದರೆ ನನ್ನ ಕಣ್ಣಲ್ಲೇ ನೀರು ಬರುವಷ್ಟು ಘಾಟು. ಮರಿಗಳಿಗೆ ರಕ್ತಬೇಧಿ ಹತ್ತಿತು. ಐದು ಹೋದವು. ಭತ್ತದ ಹೊಟ್ಟು ತರೋಣ ಅಂದರೆ ಈಗ ನಮ್ಮ ಕಡೆ ಗದ್ದೆ ಮಾಡುವವರೇ ಕಡಿಮೆ. ದೂರದಿಂದ ತರಿಸಿದರೆ ಹೊಟ್ಟಿಗಿಂತ ಬಾಡಿಗೆ ಜಾಸ್ತಿ.

ಕಾಫಿ ಹೊಟ್ಟು ಹೊಳೆದದ್ದು ಹಲ್ಲಿಂಗ್ ಮಿಲ್ಲಿನ ಹಿಂದೆ. ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಹೊಡೆಸಿ ಬೀಜ ಬಿಡಿಸೋಕೆ ಹೋಗಿದ್ದೆ. ರಾಶಿ ಬಿದ್ದಿತ್ತು. ಮೇಲೆ ನೆಂದಿತ್ತು, ಕೈ ಹಾಕಿದರೆ ಒಳಗೆ ಗರಿಗರಿ. ಚೀಲಕ್ಕೆ 30 ರೂಪಾಯಿಯಂತೆ ಆರು ಚೀಲ ತಂದೆ. 'ಗೊಬ್ಬರಕ್ಕೆ ಹಾಕೋದನ್ನ ಕೋಳಿಗೆ ಹಾಸ್ತಾರಾ' ಅಂತ ಮಿಲ್ಲಿನವರೂ ಕೇಳಿದರು. ಪಲ್ಪಿಂಗ್ ಮಾಡಿದಾಗ, ಅಂದರೆ ಹಸಿ ಹಣ್ಣು ಸುಲಿದಾಗ, ಬರುವ ಸಿಪ್ಪೆಯನ್ನೂ ಒಮ್ಮೆ ಒಣಗಿಸಿ ನೋಡಿದ್ದೆ, ನಾಲ್ಕೇ ದಿನಕ್ಕೆ ಬೂಸಲು ಬಂತು. ಆ ಸಾಹಸ ಬೇಡ. ಒಣ ಚೆರ್ರಿ ಹೊಡೆಸಿದ ಹೊಟ್ಟೇ ಆಗಬೇಕು.

ಗೂಡು ಈಗ ಹತ್ತು ಅಡಿಗೆ ಎಂಟು ಅಡಿ. ಗೋಡೆಗೆ ಅಡಿಕೆ ದಬ್ಬೆ, ನಡುವೆ ಎರಡು ಬೆರಳು ಸಂದು, ಒಳಗಿಂದ ಜಾಲರಿ. ಪಡುವಣ ಕಡೆ ಮಾತ್ರ ಟಾರ್ಪಾಲ್, ಯಾಕಂದರೆ ಮಳೆ ಹೊಡೆಯೋದು ಆ ಕಡೆಯಿಂದ. ಉಳಿದ ಮೂರು ಕಡೆ ಗಾಳಿ ಆಡಬೇಕು. ಸೂರು ಮೂರು ಅಡಿ ಮುಂದಕ್ಕೆ ಎಳೆಸಿದ್ದೇನೆ. ನೀರಿನ ಪಾತ್ರೆ ಗೂಡಿನ ಒಳಗೆ ಇಲ್ಲವೇ ಇಲ್ಲ, ಸೂರಿನ ಕೆಳಗೆ ಕಲ್ಲಿನ ಮೇಲಿದೆ. ಈ ಒಂದು ಬದಲಾವಣೆಯಿಂದಲೇ ಅರ್ಧ ತೇವ ಹೋಯ್ತು. ಹೊಟ್ಟು ಒಂದು ಗೇಣು ದಪ್ಪ. ಒಲೆ ಬೂದಿ ಮತ್ತು ಅರಳಿದ ಸುಣ್ಣ ಬೆರೆಸುತ್ತೇನೆ. ಇನ್ನೊಂದು ವಸ್ತುವೂ ಬೀಳುತ್ತದೆ, ಅದನ್ನು ಇಲ್ಲಿ ಬರೆಯಲ್ಲ. ನಮ್ಮೂರ ಹೆಂಗಸರಿಗೇ ಇನ್ನೂ ಹೇಳಿಲ್ಲ, ನೀವು ಬೇಜಾರು ಮಾಡ್ಕೋಬಾರದು.

ಕೆದಕೋ ಕೆಲಸ ನಾನು ಮಾಡಲ್ಲ. ಸಂಜೆ ಒಂದು ಮುಷ್ಟಿ ರಾಗಿಯನ್ನು ಹೊಟ್ಟಿನ ಮೇಲೆ ಎರಚುತ್ತೇನೆ, ಎಲ್ಲಿ ಗಟ್ಟಿಯಾಗುತ್ತಿದೆಯೋ ಅಲ್ಲಿ ಸ್ವಲ್ಪ ಜಾಸ್ತಿ. ಕೋಳಿಗಳೇ ಕೆದಕಿ ತಿರುಗಿಸುತ್ತವೆ. ಹೂಮರಿಗಳಿದ್ದಾಗ ಮಾತ್ರ ಮೊದಲ ಹತ್ತು ದಿನ ಹೊಟ್ಟಿನ ಮೇಲೆ ಗೋಣಿ ಹಾಸುತ್ತೇನೆ. ಹೊಟ್ಟು ತಿನ್ನೋಕೆ ಹೋದರೆ ಅವಕ್ಕೆ ಒಳ್ಳೇದಲ್ಲ.

2023ರ ಫೆಬ್ರವರಿಯಲ್ಲಿ ಹದಿನೇಳು ಕೋಳಿ ಇದ್ದವು. ಗೆದ್ದೆ ಅಂದುಕೊಂಡೆ. ಶಿವರಾತ್ರಿ ಕಳೆದ ಮೇಲೆ ಒಂದು ಹುಂಜ ಮಂಕಾಗಿ ನಿಂತಿತು, ಹಿಕ್ಕೆ ಹಸಿರು. ಮಾರನೇ ದಿನ ಎರಡು ಕತ್ತು ತಿರುಚಿಕೊಂಡವು. ಕೊಕ್ಕರೆ ರೋಗ. ನಾಲ್ಕು ದಿನದಲ್ಲಿ ಹದಿನಾಲ್ಕು ಹೋದವು. ಲಸಿಕೆ ಹಾಕಿಸಿರಲಿಲ್ಲ. ಗೊತ್ತಿರಲಿಲ್ಲ ಅಂತಲ್ಲ. ಒಂದು ಶೀಶೆ ಅಂದರೆ ನೂರು ಕೋಳಿಗಾಗುವಷ್ಟು, ಹದಿನೇಳಕ್ಕೆ ಯಾಕೆ ಒಡೆಯೋದು ಅಂತ ಜುಗ್ಗತನ ಮಾಡಿದ್ದೆ. ಮಾರಿದ್ದರೆ ಏಳೆಂಟು ಸಾವಿರದ ಮಾಲು. ಕೆಂಪು ಹೇಟೆ ಬದುಕಿತು. ತಿಥಿಯಲ್ಲೇ ತಪ್ಪಿಸಿಕೊಂಡದ್ದಲ್ವಾ, ಇದಕ್ಕೆಲ್ಲಿ ಸಿಗುತ್ತೆ.

ಲಸಿಕೆಗೆ ಅಂತ ಈಗ ಆರು ಮನೆಯವರು ಸೇರಿದ್ದೇವೆ. ಎಲ್ಲರೂ ಹೇಟೆಗಳನ್ನು ಒಂದೇ ವಾರದಲ್ಲಿ ಕಾವಿಗೆ ಕೂರಿಸುತ್ತೇವೆ, ಹಾಗಾಗಿ ಮರಿಗಳೆಲ್ಲ ಒಂದೇ ವಯಸ್ಸು. ಪಶು ಆಸ್ಪತ್ರೆಯಿಂದ ಶೀಶೆಯನ್ನು ಫ್ಲಾಸ್ಕಿನಲ್ಲಿ ಐಸ್ ಹಾಕಿ ತರುತ್ತೇವೆ. ಎರಡು ಲಸಿಕೆಯೂ ಕೊಕ್ಕರೆ ರೋಗಕ್ಕೇ: ಏಳನೇ ದಿನ ಕಣ್ಣಿಗೆ ಒಂದು ಹನಿ ಲಸೋಟ, ನಾಲ್ಕು ವಾರಕ್ಕೆ ಇನ್ನೊಂದು ಸಲ, ಎರಡು ತಿಂಗಳಿಗೆ ರೆಕ್ಕೆ ಕೆಳಗೆ ಚುಚ್ಚುವ ಆರ್‌ಟುಬಿ. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಅದಕ್ಕೆ ಮನೆಯಿಂದ ಮನೆಗೆ ಓಟ. ಖರ್ಚು ಒಬ್ಬೊಬ್ಬರಿಗೆ ಇಪ್ಪತ್ತು ಮೂವತ್ತು ರೂಪಾಯಿ ಬಿದ್ದರೆ ಜಾಸ್ತಿ. ಗಂಡ ಸತ್ತ ಮನೆ ಅಂತ ಬರೋಕೆ ಹಿಂಜರಿಯುತ್ತಿದ್ದವರೆಲ್ಲ ಈಗ ಲಸಿಕೆ ದಿನ ನಮ್ಮ ಅಡುಗೆಮನೆವರೆಗೂ ಬಂದು ಕಾಫಿ ಕುಡಿದು ಹೋಗುತ್ತಾರೆ.

ಲೆಕ್ಕದ ಮಾತು. ಯಜಮಾನರು ಎಸ್ಟೇಟಿನಲ್ಲಿ ಇಪ್ಪತ್ತಾರು ವರ್ಷ ರೈಟರ್ ಆಗಿದ್ದವರು. ಆಳುಗಳ ಹಾಜರಿ ಬರೆಯುವ ಅವರ ಚೆಕ್‌ರೋಲ್ ಪುಸ್ತಕ ಒಂದು ಮನೆಯಲ್ಲೇ ಉಳಿದಿತ್ತು. ಮುಂದಿನ ಹಾಳೆಗಳಲ್ಲಿ ಅವರ ಅಕ್ಷರ, ಹಿಂದೆ ಮುಕ್ಕಾಲು ಪಾಲು ಖಾಲಿ. ಬಹಳ ದಿನ ಅದನ್ನು ತೆಗೆಯೋಕೇ ಆಗಿರಲಿಲ್ಲ. ಕೊಕ್ಕರೆ ರೋಗದ ಮೇಲೆ ಲೆಕ್ಕ ಬರೆಯದೆ ಆಗಲ್ಲ ಅನ್ನಿಸಿತು. ಮತ್ತೆ ಗೂಡು ತುಂಬಿದ ಮೇಲೆ ಆಳುಗಳ ಹೆಸರಿನ ಜಾಗದಲ್ಲಿ ಕೋಳಿಗಳ ಹೆಸರು ಬರೆದೆ. ಮೊಟ್ಟೆ ಇಟ್ಟರೆ ಪೂರ್ತಿ ಹಾಜರಿ, ಕಾವಿಗೆ ಕೂತರೆ ಅರ್ಧ, ಸುಮ್ನೆ ತಿರುಗಿದರೆ ಗೈರು. ತಮಾಷೆಗೆ ಶುರು ಮಾಡಿದ್ದು. ಆದರೆ ಯಾವ ಹೇಟೆ ತಿಂದು ಮೈ ಬೆಳೆಸ್ತಾ ಇದೆ, ಯಾವುದು ದುಡೀತಾ ಇದೆ ಅಂತ ಎರಡೇ ತಿಂಗಳಿಗೆ ಗೊತ್ತಾಯ್ತು. ನಾಲ್ಕನ್ನು ಮಾರಿದೆ. ರಾತ್ರಿ ಊಟ ಆದ ಮೇಲೆ ಹಾಜರಿ ಬರೆಯೋಕೆ ಹತ್ತು ನಿಮಿಷ. ಆ ಹೊತ್ತಿಗೇ ಅವರೂ ಬರೆಯುತ್ತಿದ್ದರು. ಮೊದಮೊದಲು ಆ ಹತ್ತು ನಿಮಿಷವೇ ದಿನದಲ್ಲಿ ಕಷ್ಟದ್ದು. ಈಗ ಹಾಗೇನಿಲ್ಲ, ಕೆಲವು ದಿನ ಬಿಟ್ಟು.

ಮೊದಲ ವರ್ಷ ಗೂಡು ಸೇರಿ ಹದಿನಾಲ್ಕು ಸಾವಿರ ಹಾಕಿದೆ, ಬಂದದ್ದು ಎರಡೂವರೆ ಸಾವಿರ ಇರಬಹುದು. ಎರಡನೇ ವರ್ಷ ಖರ್ಚು ಕಳೆದು ಐದಾರು ಸಾವಿರ. ಕಳೆದ ವರ್ಷ ಹದಿನೈದರ ಹತ್ತಿರ. ಈಗ ಹದಿನಾಲ್ಕು ಹೇಟೆ, ಎರಡು ಹುಂಜ. ನಾಟಿ ಮೊಟ್ಟೆ ಮನೆ ಬಾಗಿಲಲ್ಲೇ 15 ರೂಪಾಯಿ. ಹುಂಜಗಳನ್ನು ಗೌರಿಹಬ್ಬ ಕಳೆದ ಮೇಲೆ ಪಿತೃಪಕ್ಷದ ಹೊತ್ತಿಗೆ ಮಾರಿದರೆ ಕೇಳಿದ ರೇಟು ಸಿಗುತ್ತದೆ, ಜಾಸ್ತಿ ಚೌಕಾಸಿ ಇಲ್ಲ. ಒಂದೆರಡು ಒಳ್ಳೆ ಗಿರಿರಾಜ ಮೊಟ್ಟೆಯನ್ನೂ ನಾಟಿ ಹೇಟೆ ಕೆಳಗೆ ಸೇರಿಸುತ್ತೇನೆ. ಗಿರಿರಾಜ ಮೊಟ್ಟೆ ಜಾಸ್ತಿ ಇಡುತ್ತೆ, ಕಾವಿಗೆ ಕೂರೋ ಬುದ್ಧಿ ಇಲ್ಲ. ಏಳನೇ ದಿನ ಮೊಬೈಲ್ ಟಾರ್ಚ್ ಹಿಡಿದು ನೋಡಿ, ನರ ಕಾಣದ್ದನ್ನು ತೆಗೆಯುತ್ತೇನೆ.

ಮಧ್ಯೆ ಕೆಲವು ಹುಚ್ಚಾಟ ಮಾಡಿದೆ. ಮೇವಿಗೆ ಅಂತ ಅಜೋಲಾ (ನೀರ ಮೇಲೆ ತೇಲಿ ಬೆಳೆಯುವ ಸೊಪ್ಪು) ತೊಟ್ಟಿ ಮಾಡಿದೆ, ಒಂದೇ ಮಳೆಗೆ ತುಂಬಿ ಹರಿದು ತೋಟ ಸೇರಿತು. ಹಳೇ ಮಡಕೆಗೆ ಒದ್ದೆ ಗೋಣಿ, ಸಗಣಿ, ಹುಲ್ಲು ತುಂಬಿ ಬೋರಲು ಹಾಕಿ ಗೆದ್ದಲು ಹಿಡಿಯೋದು ಬೇಸಿಗೆಯಲ್ಲಿ ಚೆನ್ನಾಗಿ ಆಗುತ್ತದೆ. ಬೆಳಿಗ್ಗೆ ಮಡಕೆ ಎತ್ತಿದರೆ ಕೋಳಿಗಳು ಕಾಲಿಗೆ ಸಿಕ್ಕಿಕೊಳ್ಳುತ್ತವೆ. ಹಲಸಿನ ಬೀಜ ಬೇಯಿಸಿ ಕುಟ್ಟಿ ತೌಡಿನ ಜೊತೆ ಕಲಸಿ ಹಾಕೋದು ಎಲ್ಲಕ್ಕಿಂತ ಒಳ್ಳೇದಾಯ್ತು, ಜೂನ್ ಜುಲೈ ಮೇವಿನ ಖರ್ಚು ಅರ್ಧಕ್ಕೆ ಇಳಿಯಿತು. ಆದರೆ ಹಲಸಿನ ವಾಸನೆಗೆ ಆನೆ ಬರುತ್ತೆ. ಸಿಪ್ಪೆಯನ್ನು ಮನೆ ಹತ್ತಿರ ಬಿಸಾಡಬೇಡಿ. ಒಂದು ರಾತ್ರಿ ಗೂಡಿನಲ್ಲಿ ಗಲಾಟೆ ಅಂತ ಮುಂಗುಸಿಗೆ ಟಾರ್ಚ್ ಬಿಟ್ಟರೆ ಬೇಲಿ ಆಚೆ ಆನೆ ನಿಂತಿತ್ತು. ಆಮೇಲಿಂದ ರಾತ್ರಿ ಏನೇ ಕೂಗಲಿ, ನಾನು ಬಾಗಿಲು ತೆಗೆಯಲ್ಲ. ಅದಕ್ಕೇ, ಮುಂಗುಸಿ ನೆಲ ಕೊರೆದು ನುಗ್ಗದ ಹಾಗೆ, ಜಾಲರಿಯನ್ನು ಒಂದು ಅಡಿ ಮಣ್ಣೊಳಗೆ ಹೂತಿದ್ದು.

2023ರ ಮಳೆಗಾಲ ನನ್ನ ಗೂಡು ಒಣಗೇ ಇತ್ತು. ಒಂದು ಮರಿಯೂ ಥಂಡಿಗೆ ಹೋಗಲಿಲ್ಲ. ಮೈದುನ ಏನಂದ ಗೊತ್ತಾ? 'ಈ ವರ್ಷ ಮಳೆಯೇ ಇಲ್ಲ ಅತ್ತಿಗೆ, ರಾಜ್ಯಕ್ಕೇ ಬರ. ರಟ್ಟಿನ ಪೆಟ್ಟಿಗೆಯಲ್ಲಿಟ್ಟರೂ ಬದುಕ್ತಿತ್ತು.' ಬಾಯಿ ಮುಚ್ಚಿಕೊಂಡೆ, ಮಾತು ಸರಿಯೇ ಇತ್ತು.

2024ರ ಜುಲೈ ಬಂತು. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆಯೂ ನಿಂತಿತು, ರೈಲೂ ನಿಂತಿತು. ನಮ್ಮಲ್ಲಿ ಕರೆಂಟ್ ಒಂದು ವಾರ ಇರಲಿಲ್ಲ. ಆಗ ನನ್ನ ಹತ್ತಿರ ಇಪ್ಪತ್ತು ದಿನದ ಹನ್ನೊಂದು ಮರಿ, ಎರಡು ಹೇಟೆ ಕೆಳಗೆ. ಹೊಟ್ಟಿಗೆ ಕೈ ಹಾಕಿದರೆ ಬೆಚ್ಚಗಿತ್ತು. ಮುಷ್ಟಿಯಲ್ಲಿ ಹಿಂಡಿ ಬಿಟ್ಟರೆ ಉದುರುತ್ತಿತ್ತು, ಉಂಡೆ ಕಟ್ಟಲಿಲ್ಲ. ಹನ್ನೊಂದರಲ್ಲಿ ಹತ್ತು ಉಳಿದವು. ಒಂದನ್ನು ನಾನೇ ತುಳಿದೆ, ಅದು ಲೆಕ್ಕಕ್ಕಿಲ್ಲ. ಮಳೆ ಬಿಟ್ಟ ದಿನ ಮೈದುನ ಬಂದು ಗೂಡಿಗೆ ತಲೆ ಹಾಕಿ ಮೂಸಿ ನೋಡಿದ. ಏನೂ ಹೇಳಲಿಲ್ಲ. ಡಿಸೆಂಬರ್‌ನಲ್ಲಿ ಹಳೇ ಹೊಟ್ಟು ತೆಗೆದಾಗ ಮೆಣಸಿನ ಬಳ್ಳಿ ಬುಡಕ್ಕೆ ಹಾಕೋಕೆ ಎಂಟು ಚೀಲ ಕೇಳಿದ. ಚೀಲಕ್ಕೆ 100 ಹೇಳಿದೆ. ಮಾತಾಡದೆ ಕೊಟ್ಟ.

ಪಕ್ಷದ ವಿಷಯ ಒಂದು ಹೇಳಬೇಕು. ಎಡೆಗೆ ನಾಟಿ ಕೋಳಿ ಸಾರು ಆಗಬೇಕು, ಅದು ಯಜಮಾನರಿಗೆ ಪ್ರಾಣ. ಮನೆಯಲ್ಲೇ ಹುಂಜ ಇರುವಾಗ ಅಂಗಡಿಯಿಂದ ತಂದರೆ ಅವರೇ ನಗುತ್ತಿದ್ದರು. ಸಾಕಿದ ಕೈಯಲ್ಲಿ ಕೊಯ್ಯೋಕೆ ನನಗಾಗಲಿಲ್ಲ, ಮೈದುನ ಕೊಯ್ದ. ಸಾರು ನಾನು ಮಾಡಿದೆ, ಕಡುಬಿನ ಜೊತೆ ಎಡೆ ಇಟ್ಟೆವು. ಆಮೇಲೆ ಉಣ್ಣುವಾಗ ನೋಡಿದರೆ ಉಪ್ಪು ಜಾಸ್ತಿ. ಉಪ್ಪು ಜಾಸ್ತಿಯಾದರೆ ಅವರು ಮಾತಾಡುತ್ತಿರಲಿಲ್ಲ, ತಟ್ಟೆಯನ್ನು ಎರಡು ಬೆರಳಷ್ಟು ಮುಂದಕ್ಕೆ ತಳ್ಳುತ್ತಿದ್ದರು.

ಕೆಂಪು ಹೇಟೆ ಮೊಟ್ಟೆ ನಿಲ್ಲಿಸಿ ವರ್ಷದ ಮೇಲಾಯ್ತು. ಕಣ್ಣೂ ಸ್ವಲ್ಪ ಮಂಜು. 'ಇದನ್ನ ಯಾಕೆ ಇಟ್ಕೊಂಡಿದೀರ, ಮೇವು ದಂಡ' ಅಂತ ಹೋದ ವಾರವೂ ಮೈದುನ ಕೇಳಿದ. ಬೇರೆ ಹೇಟೆ ಎಬ್ಬಿಸಿದ ಮರಿಗಳು ಇದರ ರೆಕ್ಕೆ ಕೆಳಗೂ ನುಗ್ಗುತ್ತವೆ, ಇದು ಸುಮ್ನೆ ಕೂತಿರುತ್ತೆ. ಚೆಕ್‌ರೋಲ್‌ನಲ್ಲಿ ದಿನಾ ಅರ್ಧ ಹಾಜರಿ ಹಾಕ್ತಾ ಇದ್ದೀನಿ.