ಮಗುವಿನ ಪಟ್ಟೆ ಹೊದಿಕೆ: ದಾರದ ತುದಿ ಜೋಪಾನ

ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಮಳೆ ಹಿಡಿದರೆ ನಮ್ಮ ಮಡಿಕೇರಿ ಕಡೆ ತೋಟಕ್ಕೆ ಕಾಲಿಡುವ ಹಾಗಿಲ್ಲ. ಕರೆಂಟು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಕಿಟಕಿ ಪಕ್ಕ ಕೂತು ಕ್ರೋಶೆ ಕಡ್ಡಿ ಹಿಡಿಯುವುದಕ್ಕೆ ಇದೇ ಒಳ್ಳೆ ಕಾಲ. ನೆಂಟರಲ್ಲಿ ಯಾರಾದರೂ ಬಸುರಿ ಎಂದು ಗೊತ್ತಾದರಂತೂ ನನ್ನ ಕೈ ಸುಮ್ನೆ ಇರುವುದಿಲ್ಲ. ಇಲ್ಲಿಯವರೆಗೆ 14 ಹೊದಿಕೆ ಹೆಣೆದಿದ್ದೇನೆ. ಎಲ್ಲವೂ ಬಣ್ಣದ ಪಟ್ಟೆಯವು.

ಮೊದಲನೆಯದು ಅಕ್ಕನ ಮಗುವಿಗೆ. ಬಣ್ಣ ಬದಲಾದಲ್ಲೆಲ್ಲ ದಾರ ಕತ್ತರಿಸಿ, ಗಂಟು ಹಾಕಿ, ತುದಿಯನ್ನು ಹಿಂಭಾಗಕ್ಕೆ ತೂರಿಸಿ ಬಿಟ್ಟಿದ್ದೆ. ಎರಡು ಸಲ ಒಗೆಯುವಷ್ಟರಲ್ಲಿ ತುದಿಗಳೆಲ್ಲ ಹೊರಗೆ ಬಂದವು. ಒಂದು ರಾತ್ರಿ ಮಗು ಅಳು ನಿಲ್ಲಿಸಲೇ ಇಲ್ಲ. ಹೊಟ್ಟೆ ನೋವಿರಬೇಕು ಎಂದು ನಾವೆಲ್ಲ ಅಂದುಕೊಂಡೆವು. ಅವ್ವ ಕಾಲು ಹಿಡಿದು ನೋಡಿದರೆ, ಕಿರುಬೆರಳಿಗೆ ಹಳದಿ ದಾರದ ಒಂದು ಎಳೆ ಬಿಗಿಯಾಗಿ ಸುತ್ತಿಕೊಂಡಿದೆ. ಬೆರಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದೆ. ಸಣ್ಣ ಕತ್ತರಿಯ ಮೂತಿ ತೂರಿಸಿ ಎಳೆ ಕತ್ತರಿಸಿದ ಮೇಲೆ ನಿಧಾನಕ್ಕೆ ಕೆಂಪು ಮರಳಿತು. ಅದಕ್ಕೇ ನಾನು ಯಾರಿಗೆ ಹೇಳಿಕೊಟ್ಟರೂ ಬಣ್ಣಕ್ಕಿಂತ ಮೊದಲು ತುದಿಯ ಮಾತೇ ಆಡುವುದು.

ದಾರ ಮೆತ್ತಗಿರಲಿ. ಕೆನ್ನೆಗೆ ಉಜ್ಜಿ ನೋಡಿ, ಚುಚ್ಚಿದರೆ ಬೇಡ. ಒರಟು ಉಲ್ಲನ್ ಮಗುವಿನ ಚರ್ಮಕ್ಕೆ ಆಗುವುದಿಲ್ಲ. ಹತ್ತಿ ದಾರ ಒಳ್ಳೆಯದೇ, ಆದರೆ ನಮ್ಮ ಮಳೆಗಾಲದಲ್ಲಿ ಅದು ಒಣಗುವಷ್ಟರಲ್ಲಿ ಮುಗ್ಗಲು ವಾಸನೆ ಬಂದಿರುತ್ತದೆ. ಹಾಗಾಗಿ ಮಕ್ಕಳಿಗೆಂದೇ ಬರುವ ಮೆದು ಅಕ್ರಿಲಿಕ್ ದಾರವೇ ಇಲ್ಲಿಗೆ ಸರಿ. ನಡುದಪ್ಪದ ದಾರ, 4 ಮಿಲಿಮೀಟರ್ ಕಡ್ಡಿ, 75 ಸೆಂಟಿಮೀಟರ್ ಚೌಕಕ್ಕೆ ಸುಮಾರು 400 ಗ್ರಾಂ ಬೇಕು. 50 ಗ್ರಾಂ ಜಾಸ್ತಿಯೇ ತನ್ನಿ. ಉಂಡೆಯ ಚೀಟಿಯಲ್ಲಿ ಲಾಟ್ ನಂಬರ್ ಇರುತ್ತದೆ. ಒಂದೇ ಬಣ್ಣದ ಉಂಡೆಗಳೆಲ್ಲ ಒಂದೇ ನಂಬರಿನವು ಇರಲಿ. ಇಲ್ಲದಿದ್ದರೆ ಬಣ್ಣ ಒಂದೇ ಎನಿಸಿದರೂ ಹೆಣೆದ ಮೇಲೆ ಮಾಸಲು ಗೆರೆ ಎದ್ದು ಕಾಣುತ್ತದೆ.

ನನಗೆ ಇಷ್ಟದ ಜೋಡಣೆ ನಮ್ಮ ತೋಟದ್ದೇ. ಕಾಫಿ ಹೂವಿನ ಬಿಳಿ, ಕಾಫಿ ಹಣ್ಣಿನ ಕೆಂಪು, ಕಿತ್ತಳೆ. ಕೆಂಪಿನ ಜೊತೆ ಬಿಳಿ ಬಂದರೆ ಮಾತ್ರ ಒಂದು ಪರೀಕ್ಷೆ ಮಾಡಲೇಬೇಕು. ಕೆಂಪು ದಾರದ ತುಂಡನ್ನು ಬಿಸಿ ನೀರಲ್ಲಿ ಅದ್ದಿ, ಬಿಳಿ ಬಟ್ಟೆಯೊಳಗೆ ಇಟ್ಟು ಹಿಂಡಿ. ಬಟ್ಟೆಗೆ ಬಣ್ಣ ಹತ್ತಿದರೆ ಆ ದಾರ ಬೇರೆ ಕೆಲಸಕ್ಕಿರಲಿ.

ಮೊದಲ ಸರಪಳಿಯನ್ನು 5 ಮಿಲಿಮೀಟರ್ ಕಡ್ಡಿಯಲ್ಲಿ ಹಾಕಿ, ಆಮೇಲೆ 4ಕ್ಕೆ ಬನ್ನಿ. ಸರಪಳಿ ಬಿಗಿಯಾದರೆ ಹೊದಿಕೆಯ ಕೆಳ ಅಂಚು ಸುರುಟಿಕೊಳ್ಳುತ್ತದೆ. 122 ಸರಪಳಿ ಹಾಕಿ, ಕಡ್ಡಿಯಿಂದ ನಾಲ್ಕನೆಯದರಲ್ಲಿ ಮೊದಲ ಕಂಬ ಹೆಣೆಯಿರಿ. ಬಿಟ್ಟ ಮೂರು ಸರಪಳಿಯೂ ಒಂದು ಕಂಬದ ಲೆಕ್ಕ, ಒಟ್ಟು 120. ವಿಡಿಯೋ ನೋಡಿ ಕಲಿಯುವವರು ಗಮನಿಸಿ, ಅಮೆರಿಕದವರು ಡಬಲ್ ಎನ್ನುವುದನ್ನು ಇಂಗ್ಲೆಂಡಿನವರು ಟ್ರೆಬಲ್ ಎನ್ನುತ್ತಾರೆ. ನಾನು ಹೇಳುವ ಕಂಬ ಅದೇ.

ಸಾಲು ತಿರುಗಿಸುವಾಗ ಹಾಕುವ ಮೂರು ಸರಪಳಿಯೇ ಹೊಸ ಸಾಲಿನ ಮೊದಲ ಕಂಬ. ಹೋದ ಸಾಲಿನ ಆ ಮೂರು ಸರಪಳಿಯ ತಲೆಯ ಮೇಲೆ ಈ ಸಾಲಿನ ಕೊನೆಯ ಕಂಬ ಬರಬೇಕು. ಹೊಸಬರು ಅದನ್ನೇ ಮರೆಯುತ್ತಾರೆ. ಸಾಲಿಗೊಂದು ಕಂಬ ಕಡಿಮೆಯಾಗುತ್ತಾ, ಹೊದಿಕೆ ಬುಡದಲ್ಲಿ ಅಗಲ, ಮೇಲೆ ಚೂಪು ಆಗುತ್ತದೆ. ನಾನು ಎರಡು ಸಾಲಿಗೊಮ್ಮೆ ಎಣಿಸುತ್ತೇನೆ. ಬೇಸರವಾದರೂ ಎಣಿಸಿ, 40 ಸಾಲು ಬಿಚ್ಚುವುದಕ್ಕಿಂತ ಅದು ವಾಸಿ ಅಲ್ವಾ?

ಇನ್ನು ಬಣ್ಣ ಬದಲಿಸುವುದು. ಹೊಸ ಸಾಲು ಶುರುವಾದ ಮೇಲೆ ಬದಲಿಸಿದರೆ ತಡವಾಯಿತು. ಹಳೆ ಬಣ್ಣದ ಕೊನೆಯ ಕಂಬದಲ್ಲಿ ಕಡ್ಡಿಯ ಮೇಲೆ ಎರಡು ಕುಣಿಕೆ ಉಳಿದಾಗ ಅಲ್ಲೇ ನಿಲ್ಲಿ. ಹಳೆ ದಾರ ಬಿಟ್ಟು, ಹೊಸ ಬಣ್ಣವನ್ನು ಆ ಎರಡೂ ಕುಣಿಕೆಯೊಳಗಿಂದ ಎಳೆಯಿರಿ. ಆಮೇಲೆ ಮೂರು ಸರಪಳಿ ಹಾಕಿ ತಿರುಗಿ. ಹೀಗೆ ಮಾಡಿದರೆ ಹಳೆ ಬಣ್ಣ ಹೊಸ ಪಟ್ಟೆಗೆ ಇಣುಕುವುದಿಲ್ಲ.

ಪಟ್ಟೆ ಎರಡೆರಡು ಸಾಲಿನದ್ದಾದರೆ ಮೂರು ದಾರವೂ ಒಂದೇ ಬದಿಯಲ್ಲಿ ಕಾದಿರುತ್ತವೆ. ಕತ್ತರಿಸುವುದೇ ಬೇಡ. ಆ ಬದಿಗೆ ಬಂದಾಗಲೆಲ್ಲ ಹೆಣೆಯುವ ದಾರವನ್ನು ಉಳಿದೆರಡರ ಮೇಲೆ ಒಂದು ಸುತ್ತು ಸುತ್ತಿ ಮೇಲಕ್ಕೆ ಒಯ್ಯಿರಿ. ಎಳೆದು ಬಿಗಿ ಮಾಡಬೇಡಿ, ಆ ಬದಿ ಗಿಡ್ಡವಾಗುತ್ತದೆ. ಕೊನೆಗೆ ಸುತ್ತಲೂ ಗಿಡ್ಡ ಕಂಬದ (ಅಮೆರಿಕದವರ ಸಿಂಗಲ್, ಇಂಗ್ಲೆಂಡಿನವರ ಡಬಲ್) ಎರಡು ಸಾಲು ಅಂಚು ಹಾಕಿ, ಮೂಲೆಯಲ್ಲಿ ಒಂದೇ ಕಣ್ಣಿಗೆ ಮೂರು. ಮೇಲೇರಿದ ದಾರವೆಲ್ಲ ಅದರೊಳಗೆ ಮುಚ್ಚಿಹೋಗುತ್ತದೆ.

ಹೊಸ ಉಂಡೆ ಜೋಡಿಸುವಾಗ ಮಾತ್ರ ತುದಿ ತಪ್ಪದು. 15 ಸೆಂಟಿಮೀಟರ್ ಉದ್ದ ಬಿಡಿ. ಮೊಂಡು ಮೂತಿಯ ಸೂಜಿಗೆ ಪೋಣಿಸಿ, ಅದೇ ಬಣ್ಣದ ಕಂಬಗಳ ಬುಡದಲ್ಲಿ ಎಡಕ್ಕೆ ಐದಾರು ಕಣ್ಣು ತೂರಿಸಿ, ಒಂದು ಎಳೆ ಬಿಟ್ಟು ಮತ್ತೆ ಬಲಕ್ಕೆ ತನ್ನಿ, ಮತ್ತೊಮ್ಮೆ ಎಡಕ್ಕೆ. ಆಮೇಲೆ ಹೊದಿಕೆಯನ್ನು ಚೆನ್ನಾಗಿ ಜಗ್ಗಿ, ಕೊನೆಯಲ್ಲಿ ಕತ್ತರಿಸಿ. ಜಗ್ಗದೆ ಕತ್ತರಿಸಿದರೆ ಮೊದಲ ಒಗೆತಕ್ಕೇ ತುದಿ ಹೊರಗೆ. ಕುಚ್ಚು, ಗೊಂಡೆ, ಮಣಿ ಯಾವುದೂ ಬೇಡ. ಮಗು ಬಾಯಿಗಿಡುತ್ತದೆ. ಬೆರಳು ತೂರುವಂಥ ದೊಡ್ಡ ಕಿಂಡಿಯ ಮಾದರಿಯೂ ಬೇಡ.

ಒಗೆದ ಮೇಲೆ ತೂಗುಹಾಕಬೇಡಿ, ಉದ್ದಕ್ಕೆ ಜಗ್ಗಿಹೋಗುತ್ತದೆ. ಟವೆಲಿನಲ್ಲಿ ಸುತ್ತಿ ನೀರು ಒತ್ತಿ, ಚಾಪೆಯ ಮೇಲೆ ಹರಡಿ. ಮಳೆ ಎಂದು ಒಲೆಯ ಮೇಲಿನ ಅಟ್ಟಕ್ಕೆ ಹಾಕಿದರೆ ಹೊಗೆ ಹತ್ತುತ್ತದೆ. ಅಕ್ರಿಲಿಕ್‌ಗೆ ಬಿಸಿ ಇಸ್ತ್ರಿಯೂ ಆಗದು, ಕರಗಿ ಗಟ್ಟಿಯಾಗುತ್ತದೆ. ಪೆಟ್ಟಿಗೆಗೆ ನುಸಿಗುಳಿಗೆ ಹಾಕುವ ರೂಢಿ ಬಿಡಿ. ಕೆಲವು ಎಳೆ ಮಕ್ಕಳಿಗೆ ಅದರಿಂದ ರಕ್ತ ಒಡೆದು ಕಾಮಾಲೆ ಬರುವುದುಂಟು. ಒಂದು ವರ್ಷ ತುಂಬುವವರೆಗೆ ಮಲಗಿದ ಮಗುವಿನ ಮೇಲೆ ಸಡಿಲ ಹೊದಿಕೆ ಹಾಕಬಾರದು ಎನ್ನುತ್ತಾರೆ ಡಾಕ್ಟರು, ಮುಖದ ಮೇಲೆ ಬಂದರೆ ಉಸಿರು ಕಟ್ಟುತ್ತದೆ. ಎತ್ತಿಕೊಂಡಾಗ ಹೊದಿಸಿ, ಎಚ್ಚರವಿದ್ದಾಗ ಕೆಳಗೆ ಹಾಸಿ ಆಡಿಸಿ.

ಉಳಿದ ದಾರವನ್ನು ಬಣ್ಣಕ್ಕೊಂದು ಸಣ್ಣ ಉಂಡೆ ಮಾಡಿ, ಮೊಂಡು ಸೂಜಿಯ ಸಮೇತ ಹೊದಿಕೆಯ ಜೊತೆ ಬಾಣಂತಿಗೆ ಕೊಡಿ. ಎಲ್ಲಾದರೂ ಒಂದು ತುದಿ ಎದ್ದರೆ ಅವತ್ತೇ ಸೇರಿಸಲಿ.